ಗುಡ್ಡದ ಮಣ್ಣು, ನೆಟೆಯ ಔಷಧ

ಮರಗಳು ನೆಲದೊಳಗೆ ಒಂದರ ಕೈ ಒಂದು ಹಿಡಿದುಕೊಂಡಿರುತ್ತವೆ, ಒಂದು ಹಸಿದರೆ ಇನ್ನೊಂದು ಉಣಿಸುತ್ತದೆ ಎಂದು ನಮ್ಮ ನರ್ಸರಿಗೆ ಬಂದ ಹೆಂಗಸೊಬ್ಬಳು ಹೇಳುತ್ತಾ ಹೇಳುತ್ತಾ ಕಣ್ಣೊರೆಸಿಕೊಂಡಳು. ಎಲ್ಲೋ ಕೇಳಿಕೊಂಡು ಬಂದಿದ್ದಳು, ಪಾಪ. ನಾನು ಹೂಂ ಅಂದೆ. ಸಸಿ ಒಯ್ಯಲು ಬಂದವರ ಜೊತೆ ವಾದಕ್ಕೆ ನಿಲ್ಲುವುದು ನನ್ನ ಕೆಲಸವಲ್ಲ. ಆಕೆ ಗೇಟು ದಾಟಿದ ಮೇಲೆ ಮಾತ್ರ ನನಗೆ ನಗು ತಡೆಯಲಾಗಲಿಲ್ಲ. ಪ್ರೀತಿಯಂತೆ! ಆಕೆ ಒಂದು ವರ್ಷ ನಮ್ಮ ಮನೆಯಲ್ಲಿದ್ದು ಹೋಗಿದ್ದರೆ ಮರಗಳ ಸಂಸಾರ ಚೆನ್ನಾಗಿ ಅರ್ಥವಾಗುತ್ತಿತ್ತು.

ನಾನು ಗೊಬ್ಬೂರಿನ ಹತ್ತಿರದ ಈ ನರ್ಸರಿಯಲ್ಲಿ ಕಾಡುಮರಗಳ ಸಸಿ ಬೆಳೆಸುತ್ತೇನೆ. ಕಾಡಿನ ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಶಿಲೀಂಧ್ರವಿದೆ. ಅದು ಸಸಿಯ ಬೇರಿನೊಳಗೆ ಹೊಕ್ಕು ಮನೆ ಮಾಡಿಕೊಂಡು, ಬೇರು ಮುಟ್ಟಲಾಗದ ಕಡೆಯೆಲ್ಲ ತನ್ನ ನೂಲು ಚಾಚಿ ನೀರು, ಸಾರ ತಂದುಕೊಡುತ್ತದೆ. ಸಸಿ ಎಲೆಯಲ್ಲಿ ಮಾಡಿದ ಸಕ್ಕರೆಯನ್ನು ಅದಕ್ಕೆ ಕೊಡುತ್ತದೆ. ಶಿಲೀಂಧ್ರ ತರುವುದನ್ನು ಕಡಿಮೆ ಮಾಡಿದರೆ ಸಸಿ ಸಕ್ಕರೆ ನಿಲ್ಲಿಸುತ್ತದೆ. ಸಸಿ ಜಿಪುಣತನ ಮಾಡಿದರೆ ಶಿಲೀಂಧ್ರ ಬೇರೊಂದು ಗಿಡದ ಬೇರು ನೋಡಿಕೊಳ್ಳುತ್ತದೆ. ಕೊಡುವತನಕ ಸಂಬಂಧ, ಕೊಡದಿದ್ದ ದಿನ ಬಾಗಿಲು. ನಮ್ಮ ಮನೆಯಲ್ಲಿ ಫುಫ್ಫುವಿಗೆ ನಡೆದದ್ದೂ ಇದೇ.

ಫುಫ್ಫು ಎಂದರೆ ನಮ್ಮ ಅಬ್ಬಾನ ತಂಗಿ. ಗಂಡ ತೀರಿಕೊಂಡ ಮೇಲೆ ಜೇವರ್ಗಿಯಲ್ಲಿ ಮೈದುನನ ಮನೆಯಲ್ಲಿದ್ದಳು. ಅಲ್ಲಿಂದ ಒಂದು ದಿನ ನಮ್ಮೂರು ಮಟಕಿಗೆ, ನಮ್ಮ ಮನೆಗೆ ಬಂದಾಗ ಅವಳ ಬಾಯಲ್ಲಿ ಮುಂದಿನ ಎರಡು ಹಲ್ಲು ಇರಲಿಲ್ಲ. ಯಾರೂ ಏನಾಯಿತು ಎಂದು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಅವಳನ್ನು ಇಟ್ಟುಕೊಳ್ಳಬೇಕಾಗುತ್ತದೆ. ಅಮ್ಮಿ ಅವಳ ಮುಂದೆ ತಾಟು ಇಡುವಾಗಲೆಲ್ಲ ಸ್ವಲ್ಪ ಸಪ್ಪಳ ಮಾಡಿಯೇ ಇಡುತ್ತಿದ್ದಳು. ಫುಫ್ಫು ಆ ಸಪ್ಪಳ ಕೇಳಿಸಿಕೊಂಡು ಬೆಳಗಾಗುವ ಮೊದಲೇ ಎದ್ದು ಸಗಣಿ ಬಳಿದು, ನೀರು ತಂದು, ಕಸ ಹೊಡೆದು ಮುಗಿಸುತ್ತಿದ್ದಳು. ಆದರೂ ಅಬ್ಬಾ ಅವಳನ್ನು ವಾಪಸು ಕಳಿಸುವ ಮಾತು ಆಡುತ್ತಲೇ ಇದ್ದ. ಮೈದುನನ ಅತ್ತೆ ಹಾಸಿಗೆ ಹಿಡಿದಿದ್ದಳು. ಅವಳ ಸೇವೆಗೆ ಅವರಿಗೆ ಸಂಬಳವಿಲ್ಲದ ಒಂದು ಆಳು ಬೇಕಾಗಿತ್ತು.

ಆ ವರ್ಷವೇ ನಮ್ಮೂರಿನ ಹಳೆಯ ಖಬರಸ್ಥಾನ ತುಂಬಿ, ಹೊಸದಕ್ಕೆ ಜಾಗ ಸಿಕ್ಕಿತು. ಎಂಥ ಜಾಗ! ರಸ್ತೆಗೆಂದು ಮೇಲಿನ ಮಣ್ಣನ್ನೆಲ್ಲ ಕೆರೆದು ಒಯ್ದು, ಬರಿಯ ಗರಸು ಬಿಟ್ಟುಹೋಗಿದ್ದ ನೆಲ. ಹುಲ್ಲು ಕೂಡ ಅದನ್ನು ಕಂಡು ಮುಖ ತಿರುಗಿಸಿತ್ತು. ಅಲ್ಲಿ ನೆರಳು ಆಗಬೇಕು ಎಂದು ಹಿರಿಯರು ಕೂತು ಮಾತಾಡಿದಾಗ ಅಬ್ಬಾ ಮೀಸೆ ತಿರುವಿ, ನನ್ನ ತಂಗಿ ಇದ್ದಾಳೆ, ಬಾರಿಗಿಡ ಎಬ್ಬಿಸಿಕೊಡುತ್ತಾಳೆ ಎಂದು ಒಪ್ಪಿಕೊಂಡು ಬಂದ. ಬಾರಿ, ಬೇರೆ ಕಡೆಯವರು ಬೋರೆ ಅನ್ನುವುದು, ನಮಗೆ ಹಣ್ಣಷ್ಟೇ ಅಲ್ಲ. ಅದರ ಎಲೆ ಕುದಿಸಿದ ನೀರಿನಲ್ಲೇ ನಮ್ಮಲ್ಲಿ ಸತ್ತವರ ಮೈ ತೊಳೆಯುವುದು. ಗೋರಿಯ ತಲೆಯ ಕಡೆಗೂ ನಮ್ಮೂರಲ್ಲಿ ಬಾರಿಯನ್ನೇ ನೆಡುತ್ತಾರೆ.

ಮನೆಗೆ ಬಂದು ಅಬ್ಬಾ ಫುಫ್ಫುವಿಗೆ ಷರತ್ತು ಹಾಕಿದ. ಸಸಿಗಳು ಆ ನೆಲದಲ್ಲಿ ಒಂದು ಬೇಸಿಗೆ ದಾಟಿದರೆ ದನದ ಕೊಟ್ಟಿಗೆಯ ಪಕ್ಕದ ಕೋಣೆ ಸಾಯುವತನಕ ಅವಳದು. ದಾಟದಿದ್ದರೆ ಜೇವರ್ಗಿ ಬಸ್ಸು. ಫುಫ್ಫು ಖುಷಿಪಟ್ಟಳು. ಅವಳನ್ನು ಅಷ್ಟು ಖುಷಿಯಲ್ಲಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಕ್ಕಾಗ ಹಲ್ಲಿಲ್ಲದ ಜಾಗಕ್ಕೆ ಸೆರಗು ಅಡ್ಡ ಹಿಡಿಯುವುದನ್ನೂ ಮರೆತಿದ್ದಳು.

ನರೋಣಾದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಗುಡ್ಡವಿದೆ. ಮುತ್ತಲ, ಬಾರಿ, ಕಮರ ಮರಗಳ ತುಂಡು ಅಡವಿ, ಯಾರೂ ನೆಟ್ಟದ್ದಲ್ಲ. ನಮ್ಮ ದಾದಿ, ಅಬ್ಬಾನ ತಾಯಿ, ಬದುಕಿದ್ದಾಗ ಗೋರಿಯ ಸಸಿ ಮಾಡುವ ಹೆಂಗಸರು ಆ ಗುಡ್ಡದ ಹಳೆಯ ಬಾರಿಮರದ ಬುಡದಿಂದ ಒಂದು ಮುಷ್ಟಿ ಮಣ್ಣು ತಂದು ಸಸಿಯ ಬೇರಿಗೆ ಹಚ್ಚುತ್ತಿದ್ದರಂತೆ. ಯಾಕೆ ಎಂದು ಫುಫ್ಫುವಿಗೆ ಗೊತ್ತಿರಲಿಲ್ಲ. ಹಾಗೆ ಮಾಡುವುದು ಪದ್ಧತಿ, ಅಷ್ಟೇ. ನಾನು ಆಗ ಆಳಂದದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ, ನನಗೂ ಗೊತ್ತಿರಲಿಲ್ಲ. ಅವಳು ಬುಟ್ಟಿಗಟ್ಟಲೆ ಮಣ್ಣು ಹೊತ್ತು ತಂದು, ಖಾಲಿ ಹಾಲಿನ ಪಾಕೀಟುಗಳಲ್ಲಿ ತುಂಬಿ, ಬಾರಿಬೀಜ ಒಡೆದು ಹಾಕಿದಳು. ಸಸಿಗಳು ಎದ್ದವು. ಹಿತ್ತಲಿನ ಗೋಡೆಯುದ್ದಕ್ಕೂ ಹಸಿರೋ ಹಸಿರು. ಅಮ್ಮಿ ಕೂಡ ಒಮ್ಮೆ ಅಲ್ಲಿ ನಿಂತು ನೋಡಿದಳು. ಅವತ್ತು ತಾಟು ಸಪ್ಪಳ ಮಾಡಲಿಲ್ಲ.

ನಮ್ಮದು ತೊಗರಿಯ ಸೀಮೆ. ತೊಗರಿಯವರಿಗೆ ದೆವ್ವದ ಭಯವಿಲ್ಲ, ನೆಟೆಯ ಭಯವಿದೆ. ನಿಂತ ಗಿಡ ನಿಂತಲ್ಲೇ ಬಾಡಿ ಒಣಗುವ ರೋಗ ಅದು. ಬೂಷ್ಟಿನಿಂದ ಬರುತ್ತದೆ, ಮಣ್ಣಿನಲ್ಲೇ ಉಳಿಯುತ್ತದೆ. ಹಾಗಾಗಿ ನಮ್ಮ ಕಡೆ ಗಿಡದ ಬುಡದಲ್ಲಿ ಬಿಳಿ ಕಂಡರೆ ಸಾಕು, ಗಂಡಸರ ಮೈಮೇಲೆ ಬಂದುಬಿಡುತ್ತದೆ. ಒಂದು ಮುಂಜಾನೆ ಅಬ್ಬಾ ಹಿತ್ತಲಲ್ಲಿ ಮುಖ ತೊಳೆಯಲು ಕೂತವನು, ಫುಫ್ಫು ಬುಟ್ಟಿಯಲ್ಲಿ ಉಳಿಸಿದ್ದ ಮಣ್ಣನ್ನು ಕಾಲಲ್ಲಿ ಒದ್ದು ನೋಡಿದ. ಕೊಳೆತ ಎಲೆಗಳ ಮೇಲೆ ಬಿಳಿ ನೂಲು ಹಬ್ಬಿತ್ತು.

ನಮ್ಮ ಮನೆಯಲ್ಲಿ ದಿನದ ಮಾತೆಲ್ಲ ಉರ್ದುವಿನಲ್ಲಿ. ಜಗಳ ಮಾತ್ರ ಕನ್ನಡದಲ್ಲಿ, ಓಣಿಗೆಲ್ಲ ತಿಳಿಯಲಿ ಎಂದು.

"ಮನಿಗಿ ನೆಟೆ ಹೊತ್ಕೊಂಡು ಬಂದೀಯೇನ್ ಬೇ?" ಎಂದ ಅಬ್ಬಾ. "ನನ್ನ ತೊಗರಿ ಸತ್ರ ಕೂಳು ನೀ ಹಾಕ್ತೀ?"

"ಭಾಯಿ, ಅದು ಗುಡ್ಡದ ಮಣ್ಣು. ಅಮ್ಮಾ ಹಿಂಗೇ ಮಾಡ್ತಿದ್ಳು," ಎಂದಳು ಫುಫ್ಫು.

ಅವನು ಕೇಳಲಿಲ್ಲ. ಒಳಗಿನಿಂದ ನೆಟೆಯ ಔಷಧದ ಡಬ್ಬಿ ತಂದ. ಹೊಲಕ್ಕೆ ಕಲಸುವುದಕ್ಕಿಂತ ಗಟ್ಟಿಯಾಗಿ ಆ ಪುಡಿಯನ್ನು ಬಕೀಟಿನಲ್ಲಿ ಕಲಸಿ, ಒಂದೊಂದು ಪಾಕೀಟಿಗೂ ಮಣ್ಣು ನೆನೆಯುವಂತೆ ಸುರಿದ. ಒಂದನ್ನೂ ಬಿಡಲಿಲ್ಲ. ಬುಟ್ಟಿಯ ಮಣ್ಣನ್ನು ಒಲೆಗೆ ಹಾಕಿಸಿದ. ಇನ್ನು ಗುಡ್ಡದ ಕಡೆ ಕಾಲಿಟ್ಟರೆ ಕಾಲು ಮುರಿಯುತ್ತೇನೆ ಎಂದ. ಅವನು ಕಾಲು ಮುರಿಯುವವನೇ. ಫುಫ್ಫು ಹೋಗಿ ಬಕೀಟು ತೊಳೆದಿಟ್ಟಳು.

ಸಸಿಗಳು ತಕ್ಷಣ ಸಾಯಲಿಲ್ಲ. ಸತ್ತಿದ್ದರೆ ಅಬ್ಬಾನ ಮೇಲೆ ಹೇಳಬಹುದಾಗಿತ್ತು. ಮಳೆಗಾಲದಲ್ಲಿ ಅವನ್ನು ಹೊಸ ಖಬರಸ್ಥಾನದಲ್ಲಿ ನೆಟ್ಟಾಗ ಹಸಿರಾಗಿಯೇ ಇದ್ದವು. ಆಮೇಲೆ ನಿಂತುಬಿಟ್ಟವು. ಹೊಸ ಎಲೆ ಇಲ್ಲ, ಎತ್ತರವಿಲ್ಲ, ಬಣ್ಣ ಹಳದಿ. ಫುಫ್ಫು ಕೊಡ ಹೊತ್ತು ಹೊತ್ತು ನೀರು ಹಾಕಿದಳು. ಆ ನೀರೆಲ್ಲ ಗರಸಿನ ಪಾಲಾಯಿತು. ಬೇಸಿಗೆ ನಡುವಿಗೆ ಬರುವಷ್ಟರಲ್ಲಿ ಅಲ್ಲಿ ಒಣಕಡ್ಡಿಗಳ ಸಾಲು ನಿಂತಿತ್ತು. ನಾನು ಅದರಲ್ಲೊಂದನ್ನು ಕಿತ್ತು ನೋಡಿದೆ. ಬೇರು ನೆಟ್ಟ ದಿನ ಎಷ್ಟಿತ್ತೋ ಅಷ್ಟೇ ಇತ್ತು.

ಅಬ್ಬಾ ಹಿರಿಯರ ಮುಂದೆ ತಲೆ ತಗ್ಗಿಸಬೇಕಾಯಿತಲ್ಲ, ಆ ಸಿಟ್ಟನ್ನು ಮನೆಗೆ ತಂದ. "ನಾಕು ಸಸಿ ಉಳಸಲಾರ್ದಾಕಿ, ನಿನ್ನ ಇಟ್ಕೊಂಡು ನಾ ಏನ್ ಮಾಡ್ಲಿ?" ಎಂದ. ಅವಳ ಗಂಟನ್ನು ತಾನೇ ಹೊತ್ತು ಬಸ್ಸಿಗೆ ಹತ್ತಿಸಿ ಬಂದ. ಅವತ್ತು ಸಂಜೆ ಅಮ್ಮಿ ಕೊಟ್ಟಿಗೆಯ ಪಕ್ಕದ ಆ ಕೋಣೆಗೆ ಹೊಟ್ಟಿನ ಚೀಲ ತುಂಬಿಸಿದಳು. ನನಗೆ ಅವರಿಬ್ಬರ ಮೇಲೂ ಅಸಹ್ಯ ಹುಟ್ಟಿತು. ಅದು ಇವತ್ತಿಗೂ ಹೋಗಿಲ್ಲ, ಹೋಗಲಿ ಎಂಬ ಆಸೆಯೂ ನನಗಿಲ್ಲ.

ನರ್ಸರಿಗೆ ಸೇರಿದ ಮೇಲೆ ನಾನು ಬೇರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಬಣ್ಣ ಹಾಕಿದ ಬೇರಿನೊಳಗೆ ಆ ಶಿಲೀಂಧ್ರದ ನೀಲಿ ನೂಲುಗಳು, ಅವುಗಳ ತುದಿಯಲ್ಲಿ ಸಣ್ಣ ಸಣ್ಣ ಪೊದೆಗಳು. ಅಬ್ಬಾ ಕಂಡ ಬಿಳಿ ನೂಲು ಇದಲ್ಲ. ಅದು ಎಲೆ ಕೊಳೆಸುವ ಬಡಪಾಯಿ ಬೂಷ್ಟು, ತೊಗರಿಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಕೊಲ್ಲಲು ಹೋಗಿ ಅವನು ಕಣ್ಣಿಗೆ ಕಾಣದ ಇದನ್ನೂ ಕೊಂದಿದ್ದ. ಗರಸು ನೆಲದಲ್ಲಿ ಇದು ಮೊದಲೇ ಇರಲಿಲ್ಲ. ಸಸಿಗಳಿಗೆ ಗುಡ್ಡದಿಂದ ಬಂದದ್ದೇ ಗತಿಯಾಗಿತ್ತು.

ಆ ನೀಲಿ ನೂಲಿನ ಫೋಟೋ ಮೊಬೈಲಿನಲ್ಲಿಟ್ಟುಕೊಂಡು ಜೇವರ್ಗಿಗೆ ಹೋದೆ. ಫುಫ್ಫು ಹಿತ್ತಲಲ್ಲಿ ಆ ಮುದುಕಿಯ ಹೊಲಸು ಬಟ್ಟೆ ಒಗೆಯುತ್ತಿದ್ದಳು. ಹಾಸಿಗೆ ಹಿಡಿದ ಮುದುಕಿಗೆ ಬೈಯುವ ಶಕ್ತಿ ಚೆನ್ನಾಗಿ ಉಳಿದಿತ್ತು. ಒಳಗಿನಿಂದ ಬೈಗುಳ ಬರುತ್ತಲೇ ಇತ್ತು. ನಾನು ಫುಫ್ಫುವಿಗೆ ಎಲ್ಲ ಬಿಡಿಸಿ ಹೇಳಿದೆ. ಅವಳು ಕೈ ಒರೆಸಿಕೊಂಡು ಫೋಟೋವನ್ನು ಬಹಳ ಹೊತ್ತು ನೋಡಿದಳು.

"ಅಂವ ಹಾಕಿದ ಔಷಧಕ್ಕ ಇದು ಸಾಯ್ತದೇನ್?" ಎಂದು ಕೇಳಿದಳು.

"ಸಾಯ್ತದ ಫುಫ್ಫು."

"ಸಸಿ?"

"ಅಂಥಾ ನೆಲದಾಗ ಹಸದ್ ಹಸದ್ ಸಾಯ್ತದ. ಲಗೂನ ಗೊತ್ತಾಗಂಗಿಲ್ಲ."

ಹೌದಾ ಎಂದು ಅವಳು ಮತ್ತೆ ಬಟ್ಟೆಗೆ ಕೈ ಹಾಕಿದಳು. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

ಹೋದ ವರ್ಷ ಅಬ್ಬಾ ತೀರಿಕೊಂಡ. ಹೊಸ ಖಬರಸ್ಥಾನದಲ್ಲೇ ಅವನಿಗೆ ಜಾಗ ಸಿಕ್ಕಿತು, ಆ ಒಣಕಡ್ಡಿಗಳಿದ್ದ ಕಡೆಯೇ. ನಲವತ್ತನೆಯ ದಿನಕ್ಕೆ ಗೋರಿಗೆ ಸಸಿ ಬೇಕು. ಅದನ್ನು ಮನೆಯ ಹೆಂಗಸರು ಸಿದ್ಧ ಮಾಡಿ ಕೊಡಬೇಕು, ಗಂಡಸರು ಒಯ್ದು ನೆಡಬೇಕು. ನಾನು ನರ್ಸರಿಯಿಂದ ಗುಡ್ಡದ ಮಣ್ಣಿನಲ್ಲೇ ಬೆಳೆಸಿದ ಒಳ್ಳೆಯ ಬಾರಿ ಸಸಿ ತಂದಿದ್ದೆ. ಎಷ್ಟೆಂದರೂ ಅಪ್ಪ. ಜೇವರ್ಗಿಯಿಂದ ಬಂದ ಫುಫ್ಫು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಆಮೇಲೆ ಔಷಧದ ಡಬ್ಬಿ ಎಲ್ಲಿದೆ ಎಂದು ಕೇಳಿದಳು.

ಅಟ್ಟದ ಮೇಲಿತ್ತು. ನಾನೇ ಇಳಿಸಿಕೊಟ್ಟೆ.

ಅವಳು ಹಿತ್ತಲಲ್ಲಿ ಕೂತು ಬಕೀಟಿನಲ್ಲಿ ಪುಡಿ ಕಲಸಿದಳು, ಅವನು ಕಲಸಿದಷ್ಟೇ ಗಟ್ಟಿಯಾಗಿ. ಪಾಕೀಟಿನ ಮಣ್ಣು ನೆನೆಯುವತನಕ ನಿಧಾನವಾಗಿ ಸುರಿದಳು. ನಮ್ಮ ಅಣ್ಣ ಅಲ್ಲಿಗೆ ಬಂದು ಇದೇನು ಎಂದು ಕೇಳಿದ.

"ನೆಟೆ ಹತ್ತಬಾರದಲ್ಲಪಾ," ಎಂದಳು. "ನಿಮ್ಮ ಅಬ್ಬಾಗ ಬೂಷ್ಟು ಕಂಡ್ರ ಆಗ್ತಿದ್ದಿಲ್ಲ."

ಅಣ್ಣ ನನ್ನ ಕಡೆ ತಿರುಗಿದ. ಅಷ್ಟೆಲ್ಲ ಆದ ಮೇಲೂ ಅಣ್ಣತಮ್ಮಂದಿರ ಮೇಲೆ ಹೆಣ್ಣುಮಕ್ಕಳಿಗೆ ಎಂಥ ಜೀವ ನೋಡು ಎಂದು ನನಗೇ ಹೇಳಿದ. ಅವತ್ತೇ ಕೋಣೆಯಿಂದ ಹೊಟ್ಟಿನ ಚೀಲ ತೆಗೆಸಿ, ಸುಣ್ಣ ಹೊಡೆಸಿ, ಫುಫ್ಫು ಇನ್ನು ಎಲ್ಲಿಗೂ ಹೋಗುವಂತಿಲ್ಲ ಎಂದ. ಅವಳು ಸೆರಗು ಅಡ್ಡ ಹಿಡಿಯದೆ ನಕ್ಕಳು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಹಾಕಿಕೊಂಡದ್ದಕ್ಕೆ ನನಗೆ ಸಂತೋಷವೇ ಇದೆ.

ಈ ಬೇಸಿಗೆಯಲ್ಲಿ ಅಬ್ಬಾನ ತಲೆಯ ಕಡೆಯ ಸಸಿ ಒಣಗಿತು. ನೆಲವೇ ಸರಿಯಿಲ್ಲ ಎಂದು ಅಣ್ಣ ನಿಟ್ಟುಸಿರು ಬಿಟ್ಟ. ಇರಲಿ ಬಿಡು, ಮಳೆಗಾಲಕ್ಕೆ ಇನ್ನೊಂದು ಮಾಡಿಕೊಡುತ್ತೇನೆ ಎಂದು ಫುಫ್ಫು ಅವನನ್ನು ಸಮಾಧಾನ ಮಾಡಿದಳು. ಡಬ್ಬಿ ಈಗ ಅಟ್ಟದ ಮೇಲಿಲ್ಲ, ಅವಳ ಕೋಣೆಯ ಗೋಡೆಯ ಮಾಡದಲ್ಲಿದೆ. ಅರ್ಧಕ್ಕಿಂತ ಹೆಚ್ಚು ಪುಡಿ ಇನ್ನೂ ಉಳಿದಿದೆ.