ಹಣ್ಣಿನ ಹೊತ್ತಿನ ವೆಲ್ಶ್

ಇದನ್ನು ನಾನು ಹಲವರ ಮುಂದೆ ಹೇಳಿದ್ದೇನೆ, ಪ್ರತಿ ಸಲವೂ ಸ್ವಲ್ಪ ಬೇರೆಯಾಗಿ. ಯಾವುದು ನಿಜವಾಗಿ ನಡೆದದ್ದು, ಯಾವುದು ಹೇಳಿ ಹೇಳಿ ಕೂಡಿಕೊಂಡದ್ದು ಎಂದು ಈಗ ನನಗೇ ಖಚಿತವಿಲ್ಲ. ತಟ್ಟೆಯಲ್ಲಿದ್ದದ್ದು ಕಿತ್ತಳೆ ಎಂದು ನನ್ನ ನೆನಪು. ಕಲ್ಲಂಗಡಿ ಎಂದು ಹೆಂಡತಿ ಹೇಳುತ್ತಾಳೆ. ಆ ಹೊತ್ತಿಗೆ ನಾವಿಬ್ಬರೂ ಅಲ್ಲಿರಲಿಲ್ಲ.

ಮಗಳಿಗೆ ಮೂರು ತುಂಬಲು ಎರಡು ತಿಂಗಳಿತ್ತು. ಅವಳು ಮಾತಾಡುತ್ತಿರಲಿಲ್ಲ. ಬೇಕಾದ್ದರ ಕಡೆಗೆ ನಮ್ಮ ಕೈ ಹಿಡಿದು ಎಳೆಯುತ್ತಿದ್ದಳು, ಅಷ್ಟೆ. ಕಿವಿ ಸರಿಯಿದೆ, ಸ್ವಲ್ಪ ಕಾಯಿರಿ ಎಂದು ವೈದ್ಯರು ಹೇಳಿದ್ದರು. ಮನೆಯಲ್ಲಿ ನಾನು ಕನ್ನಡ, ಹೆಂಡತಿ ತುಳು. ಲಿಫ್ಟಿನಲ್ಲಿ ಹಿಂದಿ, ಟೀವಿಯಲ್ಲಿ ಇಂಗ್ಲಿಷ್. ಊರಿನಿಂದ ಫೋನ್ ಮಾಡಿದಾಗಲೆಲ್ಲ ಅತ್ತೆ, "ಒಂದು ಭಾಷೆ ಇಟ್ಟುಕೊಳ್ಳಿ, ಮಗುವಿನ ತಲೆ ಹಾಳು ಮಾಡ್ಬೇಡಿ" ಎನ್ನುತ್ತಿದ್ದರು. ನಾನು ಓದಿದ ಲೇಖನಗಳಲ್ಲಿ ಒಂದು ಹೌದು ಎಂದರೆ ಇನ್ನೊಂದು ಅಲ್ಲ ಎನ್ನುತ್ತಿತ್ತು.

ನಾವಿರುವ ಗಲ್ಫ್ ನಗರದಲ್ಲಿ, ಅಲ್ ಕೂಜ್‌ನ ವರ್ಕ್‌ಶಾಪುಗಳು ಮುಗಿದು ವಿಲ್ಲಾಗಳು ಶುರುವಾಗುವಲ್ಲಿ ಅವಳ ನರ್ಸರಿ. ನಡೆಸುತ್ತಿದ್ದವರು ವೇಲ್ಸ್‌ನಿಂದ ಬಂದ, ಐವತ್ತು ದಾಟಿದ ಹೆಂಗಸು. ಅಲ್ಲಿಯವರೆಗೆ ಬೆಳಗಿನ "ಬೋರೆ ದಾ" ಎಂಬ ನಮಸ್ಕಾರದ ಹೊರತು ಅವರ ವೆಲ್ಶ್ ಭಾಷೆ ಮಕ್ಕಳ ಕಿವಿಗೆ ಬೀಳುತ್ತಿರಲಿಲ್ಲ. ಆ ವರ್ಷ ಅದನ್ನು ಹೆಚ್ಚಿಸುತ್ತೇನೆ ಎಂದರು. ಕೈ ತೊಳೆಯುವಾಗ, ಹಣ್ಣು ತಿನ್ನುವಾಗ, ಆಟಿಕೆ ಎತ್ತಿಡುವಾಗ ವೆಲ್ಶ್ ಮಾತ್ರ. ಅನುವಾದ ಮಾಡುವಂತಿಲ್ಲ. ಏನಾದರೂ ಕೇಳಿದ ಮೇಲೆ ದೊಡ್ಡವರು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತ ಸುಮ್ಮನಿರಬೇಕು. ಮಗು ಕಣ್ಣೆತ್ತಿ ನೋಡಿದರೂ, ಕೈ ಚಾಚಿದರೂ ಅದನ್ನು ಉತ್ತರ ಎಂದೇ ತಿಳಿಯಬೇಕು.

ಮಗಳ ಕೋಣೆಯಲ್ಲಿ ಇದನ್ನು ನಡೆಸಬೇಕಾದವರು ಮಂಗಳೂರು ಕಡೆಯ, ಕೊಂಕಣಿ ಮನೆಮಾತಿನ ಸಹಾಯಕ ಶಿಕ್ಷಕಿ. ಅವರಿಗೂ ವೆಲ್ಶ್ ಹೊಸದು. ಕೈ ತೊಳೆಯುವ ಸಿಂಕಿನ ಮೇಲೆ, ದೊಡ್ಡವರ ಕಣ್ಣಿನ ಎತ್ತರಕ್ಕೆ, ಒಂದು ಚೀಟಿ ಅಂಟಿಸಿದ್ದರು. ಅಚ್ಚಾದ ವೆಲ್ಶ್ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರ: "ಗೋಲ್ಖಿ ದುಯ್ಲೊ". ಕೈ ತೊಳೆಯುವುದು ಎಂದರ್ಥ. ಅಲ್ಲಿಗೆ ಮಕ್ಕಳನ್ನು ಬಿಡಲು ಬರುವವರಲ್ಲಿ ಆ ಪೆನ್ಸಿಲ್ ಸಾಲನ್ನು ಓದಬಲ್ಲವನು ಬಹುಶಃ ನಾನೊಬ್ಬನೇ. ಓದಿ ನನಗೆ ಸಿಟ್ಟು ಬಂತು.

"ಮಿಸ್, ನಿಮಗೇ ಬಾರದ ಭಾಷೆ ಮಕ್ಕಳಿಗೆ ಕಲಿಸುದಾ?"

"ಬರುದಿಲ್ಲ ಸರ್, ಅದಕ್ಕೇ ಬರ್ದಿಟ್ಟದ್ದು," ಎಂದು ಅವರು ನಕ್ಕರು. "ನಾನು ತಪ್ಪಿದ್ರೆ ನಮ್ಮ ಕ್ಲಾಸಲ್ಲಿರುವ ವೇಲ್ಸಿನ ಮಕ್ಕಳು ನಗಾಡ್ತವೆ. ಒಳ್ಳೇದೇ ಅಲ್ವಾ? ಮಿಸ್ಸಿಗೂ ಬರುದಿಲ್ಲ ಅಂತ ಗೊತ್ತಾದ್ರೆ ಉಳಿದವಕ್ಕೆ ಧೈರ್ಯ."

"ನನ್ನ ಮಗಳಿಗೆ ಇರುವ ಭಾಷೆಯೇ ಬರ್ತಿಲ್ಲ."

"ಅವಳು ಮಾತಾಡುದಿಲ್ಲ ಸರ್. ಬರುದಿಲ್ಲ ಅಂತ ಯಾರು ಹೇಳಿದ್ದು?"

ಮನೆಗೆ ಹೋಗಿ ಮುಖ್ಯಸ್ಥೆಗೆ ಬರೆದೆ: ನನ್ನ ಮಗಳನ್ನು ವೆಲ್ಶ್‌ನಿಂದ ಹೊರಗಿಡಿ. ಅವರು ವಾದಿಸಲಿಲ್ಲ. ಹಣ್ಣಿನ ಹೊತ್ತಿಗೆ ಮಗಳಿಗೆ ಕಿಟಕಿಯ ಬದಿಯಲ್ಲಿ ಒಂದು ಚಿಕ್ಕ ಮೇಜು ಹಾಕಿಸಿ, ಇಂಗ್ಲಿಷ್ ಮಾತಾಡುವ ಇನ್ನೊಬ್ಬ ಸಹಾಯಕಿಯನ್ನು ಜೊತೆಗೆ ಕೂರಿಸಿದರು. ಉಳಿದ ಮಕ್ಕಳೆಲ್ಲ ದೊಡ್ಡ ಮೇಜಿನ ಸುತ್ತ. ಒಂದು ಅಂಶವನ್ನು ತೆಗೆದು ಫಲಿತಾಂಶ ನೋಡುವುದು ನಾನು ಕಾಲೇಜಿನಲ್ಲಿ ಕಲಿತ ಕ್ರಮ. ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಒಂದು ಶುಕ್ರವಾರ ಜೆಬೆಲ್ ಅಲಿಯಲ್ಲಿದ್ದ ನನ್ನ ಆಫೀಸು ಅರ್ಧ ದಿನಕ್ಕೆ ಮುಗಿದಿತ್ತು. ಮಗಳನ್ನು ಕರೆದುಕೊಂಡು ಹೋಗಲು ನಾನೇ ಬಂದೆ. ಆ ಶಿಕ್ಷಕಿ ಮಗಳ ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಸರ್, ಬೈಯ್ಬೇಡಿ. ಇವತ್ತು ನಿಮ್ಮ ಮಾತು ಮೀರಿದೆ."

ಮಗಳು ತನ್ನ ಖಾಲಿ ತಟ್ಟೆ ಎತ್ತಿಕೊಂಡು ಕೋಣೆ ದಾಟಿ ಬಂದು ಅವರ ಮುಂದೆ ಇಟ್ಟಳಂತೆ.

"ನಾನು ಏನೂ ಕೇಳ್ಲಿಲ್ಲ, ಪ್ರಾಮಿಸ್. ನಿಮ್ಮ ಆರ್ಡರ್ ಉಂಟಲ್ಲ, ಬಾಯಿ ಮುಚ್ಚಿ ಕೂತಿದ್ದೆ. ಅವಳೇ 'ಮೂಯ್' ಹೇಳಿದ್ಲು."

"ಹಾಗಂದ್ರೆ?"

"ಇನ್ನೂ ಬೇಕು ಅಂತ."

"ಕೊಟ್ರಾ?"

"ಕೇಳಿದ ಮೇಲೆ ಕೊಡದೆ ಇರುದು ಹೇಗೆ ಮಾರಾಯ್ರೆ? ಮೇಡಮಿಗೆ ಹೇಳುದಾದ್ರೆ ಹೇಳಿ. ನಾಳೆ ಕೇಳಿದ್ರೂ ಕೊಡ್ತೇನೆ."

"ನಾಳೆ ಶನಿವಾರ, ರಜೆ ಅಲ್ವಾ," ಎಂದೆ. ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಅಷ್ಟೇ.

ಕಿಟಕಿಯ ಬದಿಯಿಂದ ಅವಳು ದೊಡ್ಡ ಮೇಜಿನ ಮಾತನ್ನು ಕೇಳಿಸಿಕೊಳ್ಳುತ್ತಿದ್ದಳು ಎಂದಾಯಿತು. ಅಥವಾ ಮೊದಲೇ ಕಲಿತಿದ್ದಳು. ಅಥವಾ ಆ ವಾರ ಅವಳಿಗೆ ಹೇಗೂ ಮಾತು ಬರುವುದಿತ್ತು. ಒಂದು ಮಗುವಿನಿಂದ ಏನೂ ಸಾಬೀತಾಗುವುದಿಲ್ಲ. ವೆಲ್ಶ್ ಕಲಿಸಿದ್ದರಿಂದಲೇ ಅವಳು ಬಾಯಿ ಬಿಟ್ಟಳು ಎಂದು ನಾನು ಇಂದಿಗೂ ಹೇಳಲಾರೆ.

ಆ ಮಧ್ಯಾಹ್ನ ಊಟಕ್ಕೆ ಕೂತಾಗ "ಮೊಸರು ಬೇಕಾ?" ಎಂದು ಮಗಳನ್ನು ಕೇಳಿ, ಮನಸ್ಸಿನಲ್ಲಿ ಎಣಿಸತೊಡಗಿದೆ. ನಾಲ್ಕಕ್ಕೆ ಬರುವಷ್ಟರಲ್ಲಿ "ಬೇಕು ಅಂತೆ" ಎಂದು ಅವಳ ಪರವಾಗಿ ಹೇಳಲು ನನ್ನ ಬಾಯಿ ತೆರೆದಿತ್ತು. ಇಷ್ಟು ದಿನ ಮಾಡುತ್ತಿದ್ದದ್ದೂ ಅದನ್ನೇ ಎಂದು ತಿಳಿಯಿತು. ಬಾಯಿ ಮುಚ್ಚಿದೆ. ಎಂಟಕ್ಕೋ ಒಂಬತ್ತಕ್ಕೋ ಅವಳು ತಟ್ಟೆ ಮುಂದೆ ತಳ್ಳಿ "ಮೂಯ್" ಎಂದಳು.

"ನೀವು ಸುಮ್ಮನಿದ್ದದ್ದು ನೋಡಿ ಮಗುವಿಗೆ ಹೆದರಿಕೆ ಆಯ್ತು ಮಾರಾಯ್ರೆ," ಎಂದಳು ಹೆಂಡತಿ. ಅವಳ ಕಣ್ಣು ಒದ್ದೆಯಾಗಿತ್ತು, ಅಥವಾ ಅದು ನಾನು ಆಮೇಲೆ ಸೇರಿಸಿದ್ದು.

ಆ ಭಾನುವಾರ ಮುಖ್ಯಸ್ಥೆಗೆ ಇನ್ನೊಮ್ಮೆ ಬರೆದೆ. ಸೋಮವಾರದಿಂದ ಮಗಳು ದೊಡ್ಡ ಮೇಜಿಗೆ ಹೋದಳು.

ಈಗ ಅವಳಿಗೆ ಆರು. ಮಾತು ನಿಲ್ಲಿಸುವುದೇ ಇಲ್ಲ. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ. ವೆಲ್ಶ್ ಒಂದು ಶಬ್ದವೂ ನೆನಪಿಲ್ಲ. ಅವಳನ್ನು ಬೇರೆ ಕೂರಿಸಿದ್ದು ಎಷ್ಟು ದಿನ ಎಂಬುದು ಮಾತ್ರ ನನ್ನನ್ನು ಕಾಡುತ್ತಿತ್ತು. "ಒಂದೆರಡು ದಿನ, ಬಿಡಿ ಅತ್ಲಾಗೆ" ಎಂದು ಹೆಂಡತಿ. ನಾನು ಜನರ ಮುಂದೆ ಹೇಳುವಾಗ ಒಂದು ವಾರ ಎನ್ನುತ್ತಿದ್ದೆ. ನಿದ್ದೆ, ಊಟ, ಡೈಪರು ಎಂದು ಪ್ರತಿದಿನ ವರದಿ ಕಳಿಸುತ್ತಿದ್ದ ನರ್ಸರಿಯ ಆ್ಯಪ್ ನನ್ನ ಹಳೆಯ ಫೋನಿನಲ್ಲಿ ಇನ್ನೂ ತೆರೆಯುತ್ತದೆ. ಕಳೆದ ತಿಂಗಳು ಆ ದಿನಗಳ ವರದಿಗಳನ್ನು ಒಂದೊಂದಾಗಿ ನೋಡಿದೆ. ಹಣ್ಣಿನ ಸಾಲಿನಲ್ಲಿ "ಬೇರೆ ಮೇಜು" ಎಂದು ಬರೆದ ದಿನಗಳು ಹನ್ನೊಂದು.