ಅಕ್ಕೋರನ್ನು ಕೇಳದೆ ಬರೆದ ಅರ್ಜಿ

ನಾನು ಬಿ.ಎ. ಆಗಲಾರೆನೆಂದು ಮೊದಲು ಹೇಳಿದವರು ನಮ್ಮೂರ ಗೌಡರು. "ಈ ಕೂಲಿಯವನ ಮಗ ಬಿ.ಎ. ಆದರ ನನ್ನ ಎತ್ತಿಗೆ ರುಮಾಲು ಸುತ್ತತೇನಿ" ಎಂದು ಚಾವಡಿಯಲ್ಲಿ ಎಲ್ಲರನ್ನೂ ನಗಿಸಿದ್ದರು. ಆಗುತ್ತಾನೆ ಎಂದವರು ಅಕ್ಕೋರು, ಹೆಣ್ಣುಮಕ್ಕಳ ಸಾಲೆಯ ಶಿಕ್ಷಕಿ. ಮರಳಿನ ಮೇಲೆ ಅಕ್ಷರ ತಿದ್ದಿಸಿ ತಿದ್ದಿಸಿ ಅವರ ತೋರುಬೆರಳಿನ ಉಗುರು ಅರ್ಧ ಸವೆದಿತ್ತು. ನನ್ನನ್ನೂ ತಮ್ಮ ಮನೆಯ ಕಟ್ಟೆಯ ಮೇಲೆ ಕೂರಿಸಿ ಕಲಿಸಿದರು. ಒತ್ತಕ್ಷರ ಸರಿ ಬಂದರೆ ಸೆರಗಿನ ಗಂಟು ಬಿಚ್ಚಿ ನಾಲ್ಕು ಪುಟಾಣಿ ಕಾಳು ಕೊಡುವರು. ತಪ್ಪಿದರೆ, "ಮರಳು ಸಿಟ್ಟಾಗೂದಿಲ್ಲೋ, ಮತ್ತ ಬರಿ" ಎನ್ನುವರು.

ನಾನು ಮ್ಯಾಟ್ರಿಕ್ ಮುಗಿಸಿದ ವರ್ಷ ಮೊಗಲಾಯಿಯಿಂದ, ಅಂದರೆ ನಿಜಾಮರ ಸೀಮೆಯಿಂದ, ಕೆಲವು ನೇಕಾರ ಮನೆತನಗಳು ಬಂದು ಊರ ಹೊರಗಿನ ಬಯಲಲ್ಲಿ ಗುಡಿಸಲು ಹಾಕಿದವು. ಗೌಡರಿಗೆ ಆ ಬಯಲು ಬಣವೆ ಒಟ್ಟಲು ಬೇಕಾಗಿತ್ತು. ಅವರನ್ನು ಎಬ್ಬಿಸಲು ಮಾಮಲೇದಾರರಿಗೆ ಅರ್ಜಿ ಬರೆಸಬೇಕೆಂದು ನನ್ನನ್ನು ಕರೆಸಿ, "ಬರ್ರಿ, ಕೂಡ್ರಿ" ಎಂದರು. ಆ ಮರ್ಯಾದೆಗೆ ನಾನು ಉಬ್ಬಿಹೋದೆ. ಬಣವೆಯ ಮಾತು ಬಿಟ್ಟು, ಪತ್ರಿಕೆಯಲ್ಲಿ ಓದಿದಂಥ ದೊಡ್ಡ ಮಾತು ಬರೆದೆ: ಇದು ರಾಣಿ ಆಳಿದ ಕಿತ್ತೂರಿನ ನಾಡು, ಹೆಣ್ಣುಮಕ್ಕಳನ್ನು ಓದಿಸದ ಪರಸೀಮೆಯವರು ಇಲ್ಲಿಗೆ ಸಲ್ಲುವವರಲ್ಲ. ಬರೆಯುವ ಮೊದಲು ಸಾಲೆಗೆ ಹೋಗಿ ನೋಡಿಯೂ ಬಂದಿದ್ದೆ. ನೇಕಾರರ ಒಬ್ಬ ಹುಡುಗಿಯೂ ಅಲ್ಲಿರಲಿಲ್ಲ.

ಬಯಲು ಬಿಡಬೇಕೆಂದು ಹುಕುಂ ಬಂತು; ನನ್ನ ಅರ್ಜಿಯ ಮಾತುಗಳ ಸಮೇತ ಅದನ್ನು ಚಾವಡಿಯಲ್ಲಿ ಊರಿಗೆಲ್ಲ ಓದಿ ಹೇಳಿದರು. ಮಗ್ಗದ ಕಟ್ಟಿಗೆಯನ್ನು ಬಂಡಿಗೇರಿಸಿ ಅವರು ರಾಮದುರ್ಗದ ಹಾದಿ ಹಿಡಿದರು. ಹುಡುಗಿಯರು ಅಕ್ಕೋರ ಕಾಲು ಮುಟ್ಟಿ ಅಳುವುದನ್ನು ಕಂಡಾಗಲೇ ನನಗೆ ತಿಳಿದದ್ದು. ಹಗಲೆಲ್ಲ ಮಗ್ಗದ ಕಂಡಿಕೆಗೆ ನೂಲು ಸುತ್ತಬೇಕಾಗಿದ್ದ ಆ ಹುಡುಗಿಯರಿಗೆ, ಸಾಲೆ ಬಿಟ್ಟ ಮೇಲೆ ಅಕ್ಕೋರೇ ಗುಡಿಸಲಿಗೆ ಹೋಗಿ, ರಾಟೆಯ ಪಕ್ಕದಲ್ಲಿ ಮರಳು ಹರವಿ ಕಲಿಸುತ್ತಿದ್ದರು.

"ಅವರು ಸಾಲಿಗೆ ಬರೂದಿಲ್ಲಂತ ಬರದಿ," ಎಂದರು ಅಕ್ಕೋರು. "ಸಾಲಿ ಅವರ ಮನಿಗೆ ಹೋಗೂದು ನಿನಗ ಕಾಣಲಿಲ್ಲ. ನನ್ನರ ಒಂದು ಮಾತು ಕೇಳಬೇಕಿತ್ತಲ್ಲೋ ತಮ್ಮಾ."

ತಪ್ಪಾಯಿತೆಂದು ಇನ್ನೊಂದು ಅರ್ಜಿ ಬರೆಯಬಹುದಿತ್ತು. ಬರೆಯಲಿಲ್ಲ. ಕಾಲೇಜಿಗೆ ಸೇರಲು ಗೌಡರ ಶಿಫಾರಸು ಪತ್ರ ಆಗಲೇ ನನ್ನ ಪೆಟ್ಟಿಗೆಯಲ್ಲಿತ್ತು. ಪುಣೆಯಲ್ಲಿ ಓದುತ್ತಿದ್ದಾಗ, ಅಕ್ಕೋರು ಪ್ಲೇಗಿನಲ್ಲಿ ತೀರಿಕೊಂಡರೆಂದು ಊರಿಂದ ಕಾಗದ ಬಂತು. ಅವರ ಮುಂದೆ ನಿಂತು ತಪ್ಪಾಯಿತೆನ್ನುವುದು ಉಳಿದೇ ಹೋಯಿತು.

ಬಿ.ಎ. ಪ್ರಮಾಣಪತ್ರ ತಂದ ದಿನ ಅದನ್ನು ತಂಗಿಯ ಕೈಗೆ ಕೊಟ್ಟೆ. ಇವಳನ್ನು ಸಾಲೆಗೆ ಕಳಿಸಿರೆಂದು ಅಕ್ಕೋರು ಎರಡು ಸಲ ನಮ್ಮ ಮನೆಗೆ ಬಂದು ಕೇಳಿದ್ದರು. ಅಪ್ಪ ಒಲ್ಲೆನೆಂದಿದ್ದ, ನಾನು ಸುಮ್ಮನಿದ್ದೆ. ತಂಗಿ ಕಾಗದವನ್ನು ಮೇಲಿಂದ ಕೆಳಗೆ ನೋಡಿ, ನನಗೇ ತಿರುಗಿ ಕೊಟ್ಟಳು.

"ನನಗೂ ಓದಾಕ ಬರೂದಿಲ್ಲಣ್ಣಾ. ನನ್ನ ಯಾವ ಊರಿಗೆ ಕಳಸ್ತಿ?"