ಡೇನಿಯಲ್‌ಗೆಂದು ಹೆಣೆದ ಸ್ವೆಟರ್

ಗಂಟು ಮೊದಲು ಕೈಗೆ ಸಿಕ್ಕಿದ್ದು ಮಫ್ಲರ್ ಸುತ್ತಿಕೊಳ್ಳುವಾಗ.

ಅತ್ತೆ ಹೆಣೆದು ಕೊಟ್ಟಿದ್ದ ನೀಲಿ ಮಫ್ಲರ್ ಅದು. ಪಾಮರ್ಸ್ಟನ್ ನಾರ್ತ್ ಎಂಬ ಈ ಪರದೇಶದ ಊರಿನ ಗಾಳಿಯಲ್ಲಿ ಅದಿಲ್ಲದೆ ಸೈಕಲ್ ಹತ್ತುವ ಹಾಗಿಲ್ಲ. ಕತ್ತಿನ ಎಡಗಡೆ, ಮೂಳೆಯ ಮೇಲೆ, ನೆನೆಸಿದ ಕಡಲೆಕಾಳಿನಷ್ಟು ದಪ್ಪ. ನೋವಿಲ್ಲ. ನೆಗಡಿಯ ಗಂಟಿರಬೇಕು ಅಂದುಕೊಂಡೆ. ಯೂನಿವರ್ಸಿಟಿಯ ಲ್ಯಾಬಿಗೆ ಹೋಗಿ ಸಂಜೆಯವರೆಗೆ ಹಾಲಿನ ಸ್ಯಾಂಪಲ್ ಪರೀಕ್ಷೆ ಮಾಡಿದೆ. ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕಿದೆ. ಗಂಡ ಡೇನಿಯಲ್‌ಗೂ ಹೇಳಲಿಲ್ಲ.

ಚಳಿಗಾಲ ಮುಗಿಯುವುದರೊಳಗೆ ಕಡಲೆಕಾಳು ನೆಲ್ಲಿಕಾಯಿಯಾಗಿತ್ತು. ತೂಕ ಇಳಿಯುತ್ತಿತ್ತು. ಲ್ಯಾಬಿನಲ್ಲಿ ಎಲ್ಲರೂ ತೆಳ್ಳಗಾಗಿದ್ದೀಯ, ಚೆನ್ನಾಗಿ ಕಾಣುತ್ತೀಯ ಎಂದು ಹೊಗಳಿದರು. ನಾನೂ ಬೀಗಿದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಬಯಾಪ್ಸಿ ಆಯಿತು. ಸ್ಕ್ಯಾನ್ ಆಯಿತು. ರಿಸಲ್ಟ್ ಹೇಳುವ ದಿನ ಡಾಕ್ಟರ್ ತಮ್ಮ ಕುರ್ಚಿಯನ್ನು ನಮ್ಮ ಹತ್ತಿರಕ್ಕೆ ಎಳೆದುಕೊಂಡು ಕೂತರು. ಆಗಲೇ ನನಗೆ ಗೊತ್ತಾಯಿತು.

"ಲಿಂಫೋಮಾ. ದುಗ್ಧರಸ ಗ್ರಂಥಿಗಳ ಕ್ಯಾನ್ಸರ್. ಹೊಟ್ಟೆಯೊಳಗೂ ಹರಡಿದೆ."

ಡೇನಿಯಲ್ ನನ್ನ ಕೈ ಹಿಡಿದುಕೊಂಡ. ಅವನ ಕೈ ನನ್ನದಕ್ಕಿಂತ ತಣ್ಣಗಿತ್ತು. ವಾಸಿಯಾಗುತ್ತಾ ಎಂದು ಕೇಳಿದ್ದೂ ಅವನೇ. ಕೀಮೋಗೆ ಹೇಗೆ ಬಗ್ಗುತ್ತದೆ ನೋಡೋಣ ಎಂದರು ಡಾಕ್ಟರ್. ಆಗುತ್ತದೆ ಅನ್ನಲಿಲ್ಲ. ನಾನು ಆ ಒಂದು ಮಾತಿಗಾಗಿ ಅವರ ಬಾಯನ್ನೇ ನೋಡುತ್ತಿದ್ದೆ.

ಮೈಸೂರಿನಿಂದ ಓದಲು ಬಂದವಳು ನಾನು. ಡೇನಿಯಲ್ ಇಲ್ಲಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವರದು ಯಹೂದಿ ಮನೆತನ. ಮದುವೆಯ ವಿಷಯ ಹೇಳಿದಾಗ ಅಮ್ಮ ಫೋನಿನಲ್ಲಿ, "ಅವರ ಮನೇಲಿ ದೀಪ ಹಚ್ತಾರೇನೇ?" ಎಂದು ಕೇಳಿದ್ದರು. ಹಚ್ತಾರೆ, ಪ್ರತಿ ಶುಕ್ರವಾರ ಸಂಜೆ ಎರಡು ಮೇಣದ ಬತ್ತಿ ಎಂದೆ. "ಶುಕ್ರವಾರಾನಾ? ಹಾಗಾದ್ರೆ ಸರಿ," ಅಂದರು ಅಮ್ಮ. ಅಷ್ಟಕ್ಕೇ ಒಪ್ಪಿಕೊಂಡುಬಿಟ್ಟರು.

ಅತ್ತೆಯ ಹೆಸರು ರೂತ್. ಹೆಸರು ಹಿಡಿದೇ ಕರೆಯಬೇಕು. ಅಭ್ಯಾಸವಾಗಲು ನನಗೆ ವರ್ಷಗಳೇ ಹಿಡಿದವು. ನನಗೆ ಕೀಮೋ ಶುರುವಾದಾಗ ಅವರು ವೆಲ್ಲಿಂಗ್ಟನ್‌ನಿಂದ ರೈಲಿನಲ್ಲಿ ಬಂದಿಳಿದರು. ಒಂದು ಕೈಯಲ್ಲಿ ಸಣ್ಣ ಸೂಟ್‌ಕೇಸು, ಇನ್ನೊಂದರಲ್ಲಿ ಅದಕ್ಕಿಂತ ದೊಡ್ಡದಾದ ಉಲ್ಲನ್ ಚೀಲ. ಅವರ ಕೈ ಸುಮ್ಮನಿದ್ದದ್ದನ್ನು ನಾನು ಶನಿವಾರ ಬಿಟ್ಟು ಬೇರೆ ದಿನ ನೋಡಿಲ್ಲ. ಶುಕ್ರವಾರ ಸೂರ್ಯ ಮುಳುಗಿದರೆ ಶನಿವಾರ ಕತ್ತಲಾಗುವವರೆಗೆ, ಯಹೂದಿಗಳ ವಿಶ್ರಾಂತಿಯ ದಿನವೆಂದು, ಕಡ್ಡಿ ಮುಟ್ಟುವುದಿಲ್ಲ. ಉಳಿದ ದಿನ ಯಾರಿಗಾದರೂ ಏನಾದರೂ ಹೆಣೆಯುತ್ತಲೇ ಇರುತ್ತಾರೆ. ಮೊಮ್ಮಕ್ಕಳಿಗೆ ಪ್ರಾರ್ಥನೆಯ ಪುಟ್ಟ ಟೋಪಿ, ತಮ್ಮವರ ಎಂಟು ದಿನದ ದೀಪದ ಹಬ್ಬಕ್ಕೆ ಎಲ್ಲರಿಗೂ ಕಾಲುಚೀಲ, ಪಕ್ಕದ ಮನೆಯ ಮುದುಕಿಗೆ ಶಾಲು. ಹುಟ್ಟಲಿರುವ ಮಗುವಿಗೆ ಮಾತ್ರ ಮುಂಚಿತವಾಗಿ ಒಂದೆಳೆಯನ್ನೂ ಹೆಣೆಯುವುದಿಲ್ಲ. ಅದು ಅವರಲ್ಲಿ ಸಲ್ಲದು. ಮಗು ಅತ್ತ ಸುದ್ದಿ ಕಿವಿಗೆ ಬಿದ್ದ ಮೇಲೆಯೇ ಕಡ್ಡಿ ಹಿಡಿಯುವುದು.

ಬಂದ ದಿನವೇ ನನಗೊಂದು ಟೋಪಿ ಶುರು ಮಾಡಿದರು. ಕೂದಲು ಉದುರುವ ಹೊತ್ತಿಗೆ ಟೋಪಿ ಸಿದ್ಧವಾಗಿತ್ತು.

ಎರಡನೆಯ ಕೀಮೋ ಆದ ಮೇಲೆ ನನ್ನ ತಲೆಗೆ ಒಂದು ಯೋಚನೆ ಹೊಕ್ಕಿತು. ಹೊಕ್ಕಿದ್ದು ಬಿಡಲಿಲ್ಲ. ಡೇನಿಯಲ್‌ನ ಕಪಾಟಿನ ತುಂಬ ಅವನ ಅಮ್ಮ ಹೆಣೆದದ್ದೇ ಇತ್ತು. ನನ್ನ ಕೈಯಿಂದ ಮಾಡಿದ್ದು ಒಂದೂ ಇರಲಿಲ್ಲ. ನಾನು ಹೋದರೆ ಅವನಿಗೆ ನನ್ನದು ಅಂತ ಏನು ಉಳಿಯುತ್ತದೆ? ಎರಡು ಡಬ್ಬಿ ಸಾರಿನ ಪುಡಿ. ನಮಗೆ ಮಕ್ಕಳಿಲ್ಲ. ಫೋಟೋವನ್ನು ಮೈಮೇಲೆ ಹಾಕಿಕೊಳ್ಳಲು ಆಗುತ್ತದೆಯೇ? ನಾನು ಒಂದು ಸ್ವೆಟರ್ ಹೆಣೆಯಬೇಕು. ಅವನು ಪ್ರತಿ ಚಳಿಗಾಲ ಅದನ್ನು ತಲೆಯ ಮೇಲಿಂದ ಎಳೆದುಕೊಳ್ಳಬೇಕು. ನಾನು ಇಲ್ಲದ ಚಳಿಗಾಲಗಳಲ್ಲಿ.

ಹುಬ್ಬಳ್ಳಿಯ ನಸ್ರೀನ್ ನನ್ನ ಹಳೆಯ ಫ್ಲಾಟ್‌ಮೇಟ್, ಈಗ ಇಲ್ಲೇ ಫಾರ್ಮಸಿಸ್ಟ್. ಅವಳ ಕಾರಿನಲ್ಲಿ ಉಲ್ಲನ್ ಅಂಗಡಿಗೆ ಹೋದೆ. ಡೇನಿಯಲ್‌ಗೆ ಒರಟು ಉಣ್ಣೆ ತಾಗಿದರೆ ಕತ್ತು ಕೆಂಪಾಗುತ್ತದೆ. ಅದನ್ನು ಹೇಳಿದೆ. ನಸ್ರೀನ್ ಒಂದೊಂದೇ ಉಂಡೆ ಎತ್ತಿ ತನ್ನ ಕೆನ್ನೆಗೆ ಉಜ್ಜಿ ನೋಡಿದಳು.

"ಏ ಸುಮಾ, ಇದನ್ನ ಮುಟ್ಟಿ ನೋಡು. ಒಂಚೂರೂ ಚುಚ್ಚಂಗಿಲ್ಲ. ಮೆರಿನೊ ಉಣ್ಣಿ ಐತಿ, ಲಿನನ್ ಮಿಕ್ಸ್ ಐತಿ."

ಹಸಿರು ಬಣ್ಣ. ಹೆಸರುಬೇಳೆಯ ಸಿಪ್ಪೆಯ ಹಸಿರು. ಚೀಲದ ತುಂಬ ತಂದೆ.

ಹೇಗೆ ಹೆಣೆಯಬೇಕೆಂದು ರೂತ್ ತಮ್ಮದೇ ಚೀಲದ ಕೆಂಪು ಉಣ್ಣೆಯಲ್ಲಿ ಹೇಳಿಕೊಟ್ಟರು. ನನ್ನ ಹಸಿರು ಉಂಡೆಗಳನ್ನು ಮಾತ್ರ ನಾನು ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ. ಕೀಮೋ ವಾರ್ಡಿನಲ್ಲಿ ಹೆಣೆದೆ. ವಾಂತಿಯ ಬಟ್ಟಲನ್ನು ತೊಡೆಯ ಒಂದು ಕಡೆ, ಉಂಡೆಯನ್ನು ಇನ್ನೊಂದು ಕಡೆ ಇಟ್ಟುಕೊಂಡು ಹೆಣೆದೆ. ಕಿಟಕಿಯಾಚೆ ಬೆಟ್ಟದ ಸಾಲಿನಲ್ಲಿ ಗಾಳಿಯಂತ್ರಗಳು ನಿಧಾನ ತಿರುಗುತ್ತಿದ್ದವು. ಅವುಗಳ ನಿಧಾನ ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಬೇಗ ಮುಗಿಸಬೇಕು, ಬೇಗ, ಇದೊಂದೇ ತಲೆಯಲ್ಲಿ. ನರ್ಸ್ ಬಂದು ಚೆನ್ನಾಗಿದೆ, ಯಾರಿಗೆ ಎಂದರೆ ನಗುತ್ತಿದ್ದೆ. ಸಾಯುವವಳು ಕೊಡುವ ಉಡುಗೊರೆ ಎಂದು ಹೇಳಲಾಗುತ್ತದೆಯೇ?

ಶನಿವಾರವೂ ನನ್ನ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಹೆಣೆದೆ. ಆಚೆ ರೂತ್ ಕೈ ಕಟ್ಟಿಕೊಂಡು ಕೂತು ತೋಟ ನೋಡುತ್ತಿದ್ದರು. ಅಷ್ಟು ನಿಶ್ಚಿಂತೆಯಿಂದ ಒಂದು ದಿನವನ್ನು ಹಾಗೇ ಬಿಟ್ಟುಕೊಡುವ ಅವರನ್ನು ಕಂಡು ಹೊಟ್ಟೆಕಿಚ್ಚಾಯಿತು. ನನ್ನ ಹತ್ತಿರ ಬಿಟ್ಟುಕೊಡಲು ದಿನಗಳಿರಲಿಲ್ಲ.

ಸ್ವೆಟರಿನ ಹಿಂಭಾಗ, ಮುಂಭಾಗ ಮುಗಿದವು. ಹೊಲಿದು ಕೂಡಿಸಿಯೂ ಆಯಿತು. ತೋಳು ಶುರು ಮಾಡುವಾಗ ಬೆರಳುಗಳು ಕೈಕೊಟ್ಟವು. ಔಷಧಿಯಿಂದ ಹೀಗಾಗುತ್ತದೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ತುದಿಗಳು ಜೋಮು ಹಿಡಿದು, ಕಡ್ಡಿ ಕೈಯಲ್ಲಿದೆಯೋ ಜಾರಿದೆಯೋ ತಿಳಿಯುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಲೂ ಡೇನಿಯಲ್ ಬೇಕಾಯಿತು. ಕುಣಿಕೆಗಳು ಒಂದರ ಹಿಂದೊಂದು ಕಳಚಿ ಬಿದ್ದವು. ಎತ್ತಿಕೊಳ್ಳಲು ಹೋದರೆ ಇನ್ನಷ್ಟು ಕಳಚಿದವು. ಒಂದು ಮಧ್ಯಾಹ್ನವೆಲ್ಲ ಅದನ್ನೇ ಮಾಡಿದೆ. ಕೊನೆಗೆ ಕಡ್ಡಿಗಳನ್ನು ಗೋಡೆಗೆ ಎಸೆದೆ.

ಸದ್ದಿಗೆ ರೂತ್ ಬಂದರು. ಬೇರೆ ದಾರಿ ಇರಲಿಲ್ಲ. ಅವರ ಮುಂದೆ ಎಲ್ಲವನ್ನೂ ಸುರಿದೆ.

"ತೋಳು ನೀವು ಮುಗಿಸಿ. ನಾನು ಹೋದ ಮೇಲೆ ಡೇನಿಯಲ್‌ಗೆ ಕೊಡಿ. ನಾನು ಹೆಣೆದದ್ದು ಅಂತ ಹೇಳಿ."

ರೂತ್ ಇಂಗ್ಲಿಷಿನಲ್ಲಿ ಆಡಿದ ಮಾತು ನನ್ನ ಮನಸ್ಸಿನಲ್ಲಿ ಮೈಸೂರು ಕನ್ನಡದಲ್ಲೇ ಉಳಿದುಕೊಂಡಿದೆ. "ಹುಟ್ಟದೇ ಇರೋ ಮಗೂಗೇ ನಾನು ಹೆಣೆಯಲ್ಲ ಸುಮಾ. ಇನ್ನೂ ಬರದೇ ಇರೋ ಸಾವಿಗೆ ಹೆಣೀತೀನಾ?"

ಹಾಗಂದರೂ ಸ್ವೆಟರನ್ನು ಎತ್ತಿಕೊಂಡರು. ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ನೋಡಿದರು.

"ಇದು ಬರೀ ಉಣ್ಣೆನಾ?"

"ಅಲ್ಲ, ಲಿನನ್ ಸೇರಿದೆ. ಅದಕ್ಕೇ ಚುಚ್ಚಲ್ಲ," ಎಂದೆ ಹೆಮ್ಮೆಯಿಂದ.

ರೂತ್ ಮಂಚದ ಅಂಚಿನಲ್ಲಿ ಕೂತುಬಿಟ್ಟರು.

"ಡೇನಿಯಲ್ ಇದನ್ನ ಹಾಕ್ಕೊಳ್ಳೋ ಹಾಗಿಲ್ಲ."

ಕುರಿಯ ಉಣ್ಣೆ ಮತ್ತು ಅಗಸೆ ನಾರಿನ ಲಿನನ್ ಒಂದೇ ಬಟ್ಟೆಯಲ್ಲಿ ಬೆರೆತರೆ ಯಹೂದಿಗಳು ಅದನ್ನು ಉಡುವಂತಿಲ್ಲ. ನಮ್ಮ ಮಡಿಯ ಹಾಗೆ, ಕಾರಣ ಕೇಳಿದರೆ ಹೀಗೇ ಎನ್ನುವುದು ಬಿಟ್ಟು ಉತ್ತರವಿಲ್ಲ. ಈ ಮನೆಯವರೇನು ಮಹಾ ಸಂಪ್ರದಾಯಸ್ಥರಲ್ಲ. ಶನಿವಾರ ಕಾರು ಓಡಿಸುತ್ತಾರೆ. ಡೇನಿಯಲ್ ಇಲ್ಲಿ ಡೇರಿ ಎನ್ನುವ ರಸ್ತೆಬದಿಯ ಚಿಲ್ಲರೆ ಅಂಗಡಿಯಲ್ಲಿ ಸಿಗುವ, ಅವರಲ್ಲಿ ಕೂಡಿಸಿ ತಿನ್ನಬಾರದ ಮಾಂಸ, ಚೀಸ್ ತುಂಬಿದ ಪೈಯನ್ನು ನಿಂತಲ್ಲೇ ತಿನ್ನುತ್ತಾನೆ. ಆದರೆ ರೂತ್‌ರ ಅಪ್ಪ ದರ್ಜಿ. ಪೋಲೆಂಡಿನಿಂದ ಬಂದು ವೆಲ್ಲಿಂಗ್ಟನ್‌ನಲ್ಲಿ ಸೂಟು ಹೊಲಿದವರು. ಬೇರೆ ಏನೇ ಬಿಟ್ಟರೂ ಈ ಒಂದನ್ನು ಅವರು ಬಿಟ್ಟಿರಲಿಲ್ಲ, ಅವರ ನೆನಪಿಗೆ ಮಕ್ಕಳು ಮೊಮ್ಮಕ್ಕಳೂ ಬಿಟ್ಟಿಲ್ಲ. ಇಷ್ಟು ವರ್ಷ ಈ ಮಾತೇ ಬಂದಿರಲಿಲ್ಲ. ಹೊಸ ಕೋಟು ಕೊಳ್ಳುವಾಗ ಡೇನಿಯಲ್ ಒಳಗಿನ ಲೇಬಲ್ ಓದುತ್ತಿದ್ದ. ಬೆಲೆ ನೋಡುತ್ತಾನೆ ಎಂದುಕೊಂಡಿದ್ದೆ.

ನನಗೆ ಏನಾಯಿತೋ ಗೊತ್ತಿಲ್ಲ. ಕಿರುಚಿದೆ. ನಿಮ್ಮ ದೇವರಿಗೆ ದಾರದ ಲೆಕ್ಕ ಬೇಕು, ನನ್ನ ಜೀವ ಬೇಡ ಎಂದೆ. ಬಿಚ್ಚಿ ಹಾಕಿ, ಸುಟ್ಟು ಹಾಕಿ ಎಂದೆ. ಉಳಿದಿದ್ದ ಶಕ್ತಿಯನ್ನೆಲ್ಲ ಆ ಹಸಿರಿಗೆ ಸುರಿದಿದ್ದೆ. ಇನ್ನೊಂದು ಹೆಣೆಯಲು ಬೆರಳಿಲ್ಲ, ಸಮಯವಿಲ್ಲ. ಸತ್ತ ಮೇಲೂ ಅವನನ್ನು ಮುಟ್ಟಬೇಕೆಂದು ಹೊರಟವಳಿಗೆ ಬದುಕಿದ್ದಾಗಲೇ ಬಾಗಿಲು ಹಾಕಿದಂತಾಯಿತು.

ಡೇನಿಯಲ್ ಸ್ಕೂಲಿನಿಂದ ಬಂದಾಗ ನಾನು ಇನ್ನೂ ಅಳುತ್ತಿದ್ದೆ. ರೂತ್ ಅವನಿಗೆ ಎಲ್ಲ ಹೇಳಿದರು. ಅವನು ತೋಳಿಲ್ಲದ ಸ್ವೆಟರನ್ನು ಕೈಗೆತ್ತಿಕೊಂಡ.

"ನಾನು ಹಾಕ್ಕೋತೀನಿ. ತಾತ ಏನೂ ಅಂದ್ಕೊಳ್ಳಲ್ಲ."

ಅವನ ಮುಖ ನೋಡಿದೆ. ಆ ಮುಖದಲ್ಲಿ ಕರುಣೆ ತುಂಬಿತ್ತು. ಸಾಯುವವರ ಮಾತು ನಡೆಸಿಕೊಡುವಾಗ ಜನರ ಮುಖದಲ್ಲಿ ಇರುವಂಥ ಕರುಣೆ. ನಾನು ಸಾಯುತ್ತೇನೆ ಎಂದು ಅವನೂ ನಂಬಿಬಿಟ್ಟಿದ್ದ.

"ಬೇಡ," ಎಂದೆ.

ಆಮೇಲೆ ರೂತ್ ಎದ್ದು ಬಂದು ನನ್ನ ಕೈ ಎಳೆದು ನೇರ ಮಾಡಿದರು. ಭುಜದಿಂದ ಮಣಿಕಟ್ಟಿನವರೆಗೆ ಟೇಪು ಹಿಡಿದರು.

"ಈ ಕಟ್ಟುಪಾಡು ನಮಗೆ. ನಿನಗಿಲ್ಲ. ನೀನು ಹಾಕ್ಕೋಬಹುದು."

"ನಾನು ಎಷ್ಟು ದಿನ ಹಾಕ್ಕೋತೀನಿ ರೂತ್?"

"ಒಳ್ಳೆ ನೂಲು ಇದು. ಬೇಗ ಸವೆಯಲ್ಲ."

ಅಷ್ಟು ಹೇಳಿ ಕಡ್ಡಿ ಹಿಡಿದು ನನ್ನ ಅಳತೆಗೆ ತೋಳು ಶುರು ಮಾಡಿದರು. ಡೇನಿಯಲ್ ಕಿಟಕಿಯ ಕಡೆ ತಿರುಗಿ ನಿಂತು ಬಹಳ ಹೊತ್ತು ಮೂಗು ಒರೆಸಿಕೊಂಡ.

ಆಮೇಲಿನ ತಿಂಗಳುಗಳು ಸುಲಭವಾಗಿರಲಿಲ್ಲ. ಜ್ವರ ಏರಿ ಎರಡು ಸಲ ಆಸ್ಪತ್ರೆ ಸೇರಿದೆ. ಒಮ್ಮೆ ಪ್ರಜ್ಞೆ ಸರಿಯಾಗಿ ಇರಲಿಲ್ಲವಂತೆ, ಅಮ್ಮನನ್ನು ಕನ್ನಡದಲ್ಲಿ ಕರೆಯುತ್ತಿದ್ದೆನಂತೆ. ನಸ್ರೀನ್ ಪಕ್ಕದಲ್ಲಿ ಕೂತು ಅಮ್ಮನ ಬದಲು ಓಗೊಡುತ್ತಿದ್ದಳು ಎಂದು ಡೇನಿಯಲ್ ಹೇಳಿದ. ಸ್ವೆಟರ್ ಮೈಮೇಲಿತ್ತು. ಎದೆಯ ಹತ್ತಿರ ಗಂಡಸಿನ ಅಳತೆ, ಜೋಲಾಡುತ್ತದೆ. ತೋಳು ಮಾತ್ರ ನನ್ನ ಮಣಿಕಟ್ಟಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ಅದನ್ನು ಇನ್ನು ಯಾರಿಗೂ ಕೊಡುವ ಹಾಗಿಲ್ಲ. ನಾನು ಹೋದರೆ ಅದು ಯಾರ ಮೈಗೂ ಆಗುವುದಿಲ್ಲ. ಈ ಯೋಚನೆ ಕೆಲವು ದಿನ ನನ್ನನ್ನು ಹೆದರಿಸಿತು, ಕೆಲವು ದಿನ ಹಿಡಿದು ಕೂರಿಸಿತು.

ಕಳೆದ ತಿಂಗಳ ಸ್ಕ್ಯಾನಿನಲ್ಲಿ ಗಂಟುಗಳು ಕಾಣಲಿಲ್ಲ. ಡಾಕ್ಟರ್ ಈ ಸಲ ಕುರ್ಚಿ ಎಳೆದುಕೊಳ್ಳಲಿಲ್ಲ, ತಮ್ಮ ಜಾಗದಲ್ಲೇ ಕೂತು ಹೇಳಿದರು. ವಾಸಿ ಎಂಬ ಮಾತನ್ನು ಈಗಲೂ ಆಡಲಿಲ್ಲ. ಮತ್ತೆ ಬರಬೇಕು, ಮತ್ತೆ ನೋಡಬೇಕು. ಮಫ್ಲರ್ ಸುತ್ತಿಕೊಳ್ಳುವಾಗ ಬೆರಳು ತಾನಾಗಿಯೇ ಎಡಗಡೆ ಹೋಗಿ ಹುಡುಕುತ್ತದೆ. ಜೋಮು ಪೂರ್ತಿ ಹೋಗಿಲ್ಲ, ಆದರೆ ಕಡ್ಡಿ ಕೈಯಲ್ಲಿರುವುದು ತಿಳಿಯುತ್ತದೆ.

ಡೇನಿಯಲ್‌ಗೆ ಇನ್ನೊಂದು ಸ್ವೆಟರ್ ಶುರು ಮಾಡಿದ್ದೇನೆ. ಬರೀ ಉಣ್ಣೆ. ಲೇಬಲ್ಲನ್ನು ವೆಲ್ಲಿಂಗ್ಟನ್‌ಗೆ ಮರಳಿರುವ ರೂತ್‌ಗೆ ಫೋನಿನಲ್ಲಿ ಓದಿ ಹೇಳಿದೆ. ಶನಿವಾರ ಮುಟ್ಟುವುದಿಲ್ಲ.